ನಿದ್ದೆ ಹೋಗುವ ಡಬ್ಬಿಗಳು

ಅತ್ತೆಯ ಸೊಂಟಕ್ಕೆ ಸಿಕ್ಕಿಸಿದ ಸೆರಗಿನೊಳಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿಯನ್ನಿಟ್ಟು ಪಿನ್ನು ಹಾಕುವಾಗ, ಇವತ್ತೇ ಹೊಸ ಕ್ರಮಕ್ಕೆ ತಿರುಗಿಸಿಬಿಡಲೇ ಎಂದು ವಿನಯಾಳಿಗೆ ಇನ್ನೊಮ್ಮೆ ಅನ್ನಿಸಿತು. ಹೆಚ್ಚು ಕೆಲಸವೇನಲ್ಲ. ಲ್ಯಾಪ್‌ಟಾಪ್ ತೆರೆದು ಒಂದು ಸಾಲು ಬದಲಾಯಿಸಿದರೆ ಓಣಿಯುದ್ದಕ್ಕೂ ಇರುವ ಡಬ್ಬಿಗಳೆಲ್ಲ ಕಳೆದ ವಾರದ ಹಾಗೆ ಒಂದರ ಹಿಂದೊಂದು ಸರಿಯಾಗಿ ಎಚ್ಚರಾಗತೊಡಗುತ್ತವೆ. ಆದರೆ ವಾರ ಮುಗಿಯಲು ಇನ್ನು ಎರಡೇ ದಿನ ಉಳಿದಿತ್ತು, ಕಾಲೇಜಿನ ಬಸ್ಸು ಹೆದ್ದಾರಿಗೆ ಬರುವ ಹೊತ್ತೂ ಆಗಿತ್ತು. ಅತ್ತೆ ಎರಡೂ ಕೈ ಮೇಲೆತ್ತಿ, ಪಿನ್ನು ಎಲ್ಲಿ ಚುಚ್ಚುತ್ತದೋ ಎಂಬಂತೆ ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತಿದ್ದರು. "ಬಸ್ಸಿಗ್ ಹೊತ್ತಾಯ್ತ್. ಹೆಡ್ಗಿ ಎಲ್ಲಿತ್?" ಎಂದು ಕೇಳಿದರು. "ಇಲ್ಲೇ ಇತ್ತ್ ಅತ್ತೆ" ಎಂದಳು ವಿನಯಾ. ಖಾಲಿ ಹೆಡಗೆ ಬಾಗಿಲ ಹಿಂದಿತ್ತು. ಅದರ ಬೆತ್ತಕ್ಕೆ ಅಂಟಿದ ಮೀನಿನ ವಾಸನೆ ಎಷ್ಟು ತೊಳೆದರೂ ಹೋಗಿರಲಿಲ್ಲ. ತೊಳೆಯಲು ಹೋಗಬೇಡ ಎಂದು ಗಂಡ ಪ್ರವೀಣ್ ಒಮ್ಮೆ ಹೇಳಿದ್ದ.

ಮೂವತ್ತು ವರ್ಷಕ್ಕೂ ಮೇಲೆ ಅತ್ತೆ ಸೀತು ಅದೇ ಹೆಡಗೆಯನ್ನು ತಲೆಯ ಮೇಲಿಟ್ಟುಕೊಂಡು ಸಾಸ್ತಾನದಿಂದ ಬಸ್ಸು ಹತ್ತಿ ಬಾರ್ಕೂರಿಗೆ ಹೋಗಿ ಮನೆಮನೆಗೆ ಮೀನು ಮಾರಿದವರು. ಮೀನು ಮಾರುವುದು ನಿಂತ ಮೇಲೂ ನೆನಪಿದ್ದಷ್ಟು ದಿನ ಎಲ್ಲ ಸರಿಯಾಗಿಯೇ ಇತ್ತು. ನೆನಪು ಹೋದ ಮೇಲೆ ಕಾಲು ಮಾತ್ರ ಆ ದಾರಿಯನ್ನು ಹಿಡಿಯತೊಡಗಿತು. ಮೊದಮೊದಲು ಗೇಟಿಗೆ ಬೀಗ ಹಾಕಿದರು. ಅತ್ತೆ ಗೇಟಿನ ಸರಳಿಗೆ ಹಣೆ ತಾಗಿಸಿಕೊಂಡು ನಿಂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, ಇವರು ನನ್ನನ್ನು ಹಿಡಿದಿಟ್ಟಿದ್ದಾರೆ, ಬಿಡಿಸಿ ಎಂದು ಕೇಳುತ್ತಿದ್ದರು. ಕೇಳುವ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ವಿನಯ ಇರುತ್ತಿತ್ತು. ಅದು ಇನ್ನೂ ಕಷ್ಟ. ಬಂದರಿನ ಐಸ್ ಪ್ಲಾಂಟಿನಿಂದ ಊಟಕ್ಕೆ ಬಂದ ಪ್ರವೀಣ್ ತಟ್ಟೆಯ ಮುಂದೆ ಕೂತು ಅನ್ನವನ್ನು ಬರೀ ಕಲಸುತ್ತಿದ್ದ. ಆ ದಿನಗಳಲ್ಲೇ ವಿನಯಾಳ ಪಿಎಚ್‌ಡಿ ಕೆಲಸ ಎಲ್ಲಿಯೋ ತಡವರಿಸುತ್ತಿತ್ತು. ಬ್ಯಾಟರಿ ತಿಂಗಳುಗಟ್ಟಲೆ ಬಾಳಬೇಕಾದ ಸಣ್ಣ ರೇಡಿಯೋ ಡಬ್ಬಿಗಳು, ಒಂದರಿಂದೊಂದಕ್ಕೆ ಸುದ್ದಿ ದಾಟಿಸುವುದು, ದಾಟುವಾಗ ಆಗುವ ತಡ. ಕಂಪ್ಯೂಟರಿನ ಪರದೆಯ ಮೇಲಷ್ಟೇ ಇದ್ದ ಆ ಡಬ್ಬಿಗಳನ್ನು ಮನೆಯ ಓಣಿಗೇ ತಂದು ಕಟ್ಟಿದರೇನು ಎಂದು ಹೊಳೆದ ದಿನ ಅವಳು ನಿಜಕ್ಕೂ ಅತ್ತೆಯ ಹಣೆಯ ಕೆಂಪು ಗುರುತನ್ನೇ ನೋಡುತ್ತಿದ್ದಳು. ಹಾಗೆಂದು ಅವಳು ಈಗಲೂ ನಂಬಿದ್ದಾಳೆ. ನಂಬಿಕೆಯ ಅಡಿಯಲ್ಲಿ ಇನ್ನೇನಿತ್ತು ಎಂದು ಕೆದಕುವುದಕ್ಕೆ ಹೋಗುವುದಿಲ್ಲ.

ಓಣಿ ಉದ್ದವಾದದ್ದು. ಅರ್ಧ ದಾರಿಗೆ ಒಂದು ಗೋಳಿಮರ, ಅದರಾಚೆ ಹೆದ್ದಾರಿ. ತೆಂಗಿನ ಮರಕ್ಕೆ, ಪಂಪಿನ ಶೆಡ್ಡಿಗೆ, ಯಾರದೋ ಕಂಪೌಂಡಿಗೆ ಡಬ್ಬಿ ಕಟ್ಟಿ, ಕೊನೆಯದನ್ನು ಗೋಳಿಮರಕ್ಕೆ ಕಟ್ಟಿದಳು. ಗೋಳಿಮರದವರೆಗೆ ಅತ್ತೆ ಎಷ್ಟು ಬೇಕಾದರೂ ಓಡಾಡಬಹುದು. ಅದನ್ನು ದಾಟಿದರೆ ಮರದ ಡಬ್ಬಿ ಸೆರಗಿನ ಡಬ್ಬಿಯ ಗುರುತು ಹಿಡಿದು ಹಿಂದಿನದಕ್ಕೆ ಹೇಳಬೇಕು, ಅದು ಅದರ ಹಿಂದಿನದಕ್ಕೆ, ಹೀಗೆ ಸುದ್ದಿ ಬಂದು ಪಕ್ಕದ ಮನೆಯ ಕಮಲಕ್ಕನ ಜಗುಲಿಯಲ್ಲಿ ಬೆಲ್ ಹೊಡೆಯಬೇಕು. ಕಮಲಕ್ಕ ಗಂಡ ತೀರಿದ ಹೆಂಗಸು. ಹಗಲೆಲ್ಲ ಜಗುಲಿಯಲ್ಲಿ ಕೂತು ಬೀಡಿ ಕಟ್ಟುತ್ತ, ಅತ್ತೆಗೆ ಗಂಜಿ ಕೊಡುವುದು, ಮೀಯಿಸುವುದು ಎಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಬೆಲ್ ಹೊಡೆದರೆ ಮಡಿಲ ಮೇಲಿನ ಮೊರ ಕೆಳಗಿಟ್ಟು ಎದ್ದು, ಓಣಿಯಲ್ಲಿ ಸರಸರ ನಡೆದು, "ಸೀತಕ್ಕ, ಬಾರ್ಕೂರ್ ಬಸ್ ಇವತ್ತಿಲ್ಯಂಬ್ರ್. ಬನಿ, ನಾಳೆ ಹೋಪ" ಎನ್ನುತ್ತಿದ್ದಳು. ಅತ್ತೆ ಹೌದಾ ಎಂದು ತಿರುಗುತ್ತಿದ್ದರು. ಗೇಟಿನ ಬೀಗ ತೆಗೆದ ಸಂಜೆ ಪ್ರವೀಣ್ ಆ ಬೀಗವನ್ನು ಎಲ್ಲಿಡುವುದೆಂದು ತಿಳಿಯದೆ ಮನೆಯೊಳಗೆ ಅತ್ತಿತ್ತ ಓಡಾಡಿದ್ದ. ಆಮೇಲೆ ಅವಳ ಕಡೆ ನೋಡಿ ನಕ್ಕಿದ್ದ. ಮದುವೆಯಾದಂದಿನಿಂದ ಅವನು ಅವಳ ಕೆಲಸವನ್ನು ಹಾಗೆ ನೋಡಿದ್ದು ಅದೇ ಮೊದಲು.

ಬ್ಯಾಟರಿ ಉಳಿಯಬೇಕಾದರೆ ಡಬ್ಬಿಗಳು ನಿದ್ದೆ ಹೋಗಬೇಕು. ಹಳೆಯ ಕ್ರಮದಲ್ಲಿ ಒಂದೊಂದೂ ತನ್ನ ಪಾಡಿಗೆ ತಾನು ಮಲಗಿ ತನ್ನ ಪಾಡಿಗೆ ತಾನು ಏಳುತ್ತದೆ. ಸುದ್ದಿ ಹೊತ್ತ ಡಬ್ಬಿ, ಪಕ್ಕದ್ದು ಏಳುವವರೆಗೆ ಅದರ ಬಾಗಿಲಲ್ಲಿ ಕಾಯಬೇಕು. ಹೀಗೆ ಪ್ರತಿಯೊಂದರ ಬಾಗಿಲಲ್ಲೂ ಕಾಯುತ್ತ ಬಂದರೆ ಎರಡು ನಿಮಿಷವೂ ಆಗಬಹುದು, ಮೂರು ನಿಮಿಷವೂ ಆಗಬಹುದು. ವಿನಯಾ ಕಂಡುಕೊಂಡ ಹೊಸ ಕ್ರಮದಲ್ಲಿ ಅವು ಅಷ್ಟೇ ನಿದ್ದೆ ಮಾಡುತ್ತವೆ. ಆದರೆ ಗೋಳಿಮರದ ಕಡೆಯಿಂದ ಮನೆಯ ಕಡೆಗೆ ಒಂದು ಎದ್ದು ಹೇಳುವ ಹೊತ್ತಿಗೆ ಇನ್ನೊಂದು ಏಳುತ್ತದೆ. ಬೆಲ್ ಬೇಗ ಹೊಡೆಯುತ್ತದೆ, ಕಮಲಕ್ಕ ಹೊರಡುವಾಗ ಅತ್ತೆ ಮರದಿಂದ ನಾಲ್ಕು ಹೆಜ್ಜೆ ಆಚೆಗಿರುತ್ತಾರೆ. ಇದನ್ನು ಬರೆದು ಕಳಿಸಿದ ಲೇಖನ ವಾಪಸು ಬಂತು. ಹಳೆಯ ಕ್ರಮದ ಅಂಕಿಗಳನ್ನೂ ಅದೇ ಜಾಗದಲ್ಲಿ ಅಳೆದು ತೋರಿಸಿ, ಕಂಪ್ಯೂಟರಿನ ಲೆಕ್ಕ ಸಾಲದು ಎಂದು ಪತ್ರಿಕೆಯ ವಿಮರ್ಶಕರು ಬರೆದಿದ್ದರು. ಗೈಡ್ ಪ್ರೇಮಾನಂದ ಸರ್ ಕನ್ನಡಕ ಒರೆಸುತ್ತ, "ಅವರು ಕೇಳೋದರಲ್ಲಿ ತಪ್ಪಿಲ್ಲ ವಿನಯಾ. ಒಂದು ವಾರ ಹಳೇ ಕ್ರಮದಲ್ಲಿ ಓಡಿಸಿ. ಅದೇ ಓಣಿ, ಅದೇ ಮನುಷ್ಯರು. ಹೋಲಿಕೆ ಅಂದರೆ ಹೋಲಿಕೆ" ಎಂದರು. ಹೋದ ವರ್ಷದ ರಿವ್ಯೂನಲ್ಲಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಅವಳ ಸ್ಲೈಡು ನೋಡಿ, "ಅಂತೂ ಅತ್ತೆಯನ್ನೇ ಪ್ರಯೋಗಕ್ಕೆ ಹಾಕಿದಿರಿ, ಎಷ್ಟು ಸೊಸೆಯಂದಿರಿಗೆ ಈ ಭಾಗ್ಯ" ಎಂದಿದ್ದರು. ಸಭೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಎಲ್ಲರಿಗಿಂತ ಒಂದು ಕ್ಷಣ ಹೆಚ್ಚಾಗಿಯೇ ನಕ್ಕಳು. ಆ ನಗು ಈಗಲೂ ಒಮ್ಮೊಮ್ಮೆ ಪಾತ್ರೆ ತೊಳೆಯುವಾಗಲೋ ಹಾಜರಿ ಕರೆಯುವಾಗಲೋ ಕಿವಿಗೆ ಬರುತ್ತದೆ, ಆಗ ಅವಳು ಕೈಯಲ್ಲಿದ್ದದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ.

ಕಮಲಕ್ಕನಿಗೆ ಹೇಳಬೇಕಾಗಿತ್ತು. ಈ ವಾರ ಬೆಲ್ ತಡವಾಗಿ ಹೊಡೆಯುತ್ತದೆ, ಸ್ವಲ್ಪ ಜಾಗ್ರತೆ ಎಂದು. ಸೋಮವಾರ ಬೆಳಿಗ್ಗೆ ಹೇಳಲೆಂದೇ ಅವಳ ಜಗುಲಿ ಹತ್ತಿದ್ದಳು. ಕಮಲಕ್ಕ ಎಲೆ ಕತ್ತರಿಸುತ್ತ ತಲೆ ಎತ್ತಿ, "ಎಂತ ಹೆಣ್ಣೆ, ಚಾ ಕುಡಿತ್ಯಾ?" ಎಂದು ಕೇಳಿದಳು. ಹೇಳಿದರೆ ಇವಳು ಬೆಲ್ಲನ್ನು ನಂಬದೆ ಅತ್ತೆಯ ಬೆನ್ನಿಗೇ ಹೊರಡುತ್ತಾಳೆ, ಅತ್ತೆ ಮರ ದಾಟುವುದೇ ಇಲ್ಲ, ದಾಟದಿದ್ದರೆ ಅಳೆಯುವುದೇನನ್ನು ಎಂಬ ಯೋಚನೆ, ಆಗ, ಕಮಲಕ್ಕನ ಮುಖ ನೋಡುತ್ತಿರುವಾಗಲೇ, ಪೂರ್ತಿಯಾಗಿ ಬಂದುಹೋಗಿತ್ತು. "ಬೇಡ ಕಮಲಕ್ಕ, ಬಸ್ಸಿಗ್ ಹೊತ್ತಾಯ್ತ್" ಎಂದು ಇಳಿದು ಬಂದಳು. ಸೋಮವಾರ ಏನೂ ಆಗಲಿಲ್ಲ. ಮಂಗಳವಾರ ಅತ್ತೆ ಹೆದ್ದಾರಿಯ ಹತ್ತಿರದವರೆಗೆ ಹೋಗಿದ್ದರಂತೆ. "ಇವತ್ ಸೀತಕ್ಕನ ಕಾಲಿಗೆ ಎಂತ ಜೋರ್ ಬಂದಿತ್ತಾ ಏನೋ" ಎಂದು ಕಮಲಕ್ಕ ನಗುತ್ತ ಹೇಳಿದಳು. ಬುಧವಾರ ಅತ್ತೆ ಮನೆ ಬಿಟ್ಟು ಹೊರಡಲೇ ಇಲ್ಲ. ಅದನ್ನು ಕೇಳಿ ತನಗೆ ಬೇಸರವಾದದ್ದನ್ನು ಗಮನಿಸಿ ವಿನಯಾ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಿದ್ದಳು.

ಇವತ್ತು, ಗುರುವಾರ, ಪಿನ್ನು ಹಾಕಿದ ಮೇಲೆ ಅತ್ತೆ ಕೈ ಇಳಿಸಿದರು. ವಿನಯಾ ಬ್ಯಾಗು ತೆಗೆದುಕೊಂಡು ಹೊರಟಳು.

ಕಾಲೇಜಿನಲ್ಲಿ ಮಕ್ಕಳಿಗೆ ಇಂಟರ್ನಲ್ಸ್ ಪರೀಕ್ಷೆ ಇತ್ತು. ಬೆಂಚುಗಳ ನಡುವೆ ನಡೆಯುವುದು, ನಿಲ್ಲುವುದು, ಕಿಟಕಿಯ ಹೊರಗೆ ನೋಡುವುದು. ಕಿಟಕಿಯ ಹೊರಗೆ ಹೊಳೆ ಇಳಿದು ಕೆಸರು ಕಾಣುತ್ತಿತ್ತು. ಕೆಸರಿನ ಮೇಲೆ ಬೆಳ್ಳಕ್ಕಿಗಳು ಒಂದೊಂದೇ ಕಾಲು ಎತ್ತಿಡುತ್ತಿದ್ದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅಂಗೈಯಲ್ಲಿ ಏನೋ ಬರೆದುಕೊಂಡು ಬಂದಿದ್ದಳು. ಅದನ್ನು ಕಂಡೂ ವಿನಯಾ ಮುಂದೆ ಹೋದಳು. ಹಿಡಿಯುವ ಧೈರ್ಯವಾಗಲಿಲ್ಲವೋ, ಮನಸ್ಸಾಗಲಿಲ್ಲವೋ. ಮೇಜಿನ ಮೇಲಿಟ್ಟಿದ್ದ ಫೋನು ಸದ್ದಿಲ್ಲದೆ ಬೆಳಗಿ ಆರಿತು, ಮತ್ತೆ ಬೆಳಗಿತು. ಪ್ರವೀಣ್. ಕಾರಿಡಾರಿಗೆ ಹೋಗಿ ಎತ್ತಿದರೆ ಅವನ ದನಿಯ ಹಿಂದೆ ಲಾರಿಗಳ ಸದ್ದು. "ಅಮ್ಮ ಹೈವೇ ಮಧ್ಯ ಡಿವೈಡರ್ ಹತ್ತುಕೆ ಹೋಯಿ ಬಿದ್ದಿರ್. ಏಳುಕ್ ಆತಿಲ್ಲೆ. ಆಟೋದಂಗೆ ಬ್ರಹ್ಮಾವರಕ್ಕೆ ಕರ್ಕಂಡ್ ಹೋತಿದ್ದೆ. ನೀ ಸೀದಾ ಆಸ್ಪತ್ರಿಗೇ ಬಾ." ಯಾವ ಹೊತ್ತಿಗೆ ಎಂದು ಅವಳು ಕೇಳಿದಳು. ಪ್ರಶ್ನೆ ಬಾಯಿಂದ ಬಿದ್ದ ಮೇಲೆ ಅದನ್ನು ಯಾಕೆ ಕೇಳಿದೆನೆಂದು ಅವಳಿಗೆ ಗೊತ್ತಾಯಿತು. ಪ್ರವೀಣನಿಗೆ ಗೊತ್ತಾಗಲಿಲ್ಲ. "ಈಗಳೇ, ಒಂದ್ ಗಳಿಗೆ ಆಯ್ತ್" ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಡಿಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ಲ್ಯಾಪ್‌ಟಾಪ್. ಅದನ್ನು ತೆರೆಯುವುದಿಲ್ಲ ಎಂದುಕೊಂಡಳು, ತೆರೆಯಲೂ ಇಲ್ಲ. ಆದರೆ ತಲೆ ತನ್ನಷ್ಟಕ್ಕೇ ಲೆಕ್ಕ ಹಾಕುತ್ತಿತ್ತು. ಗೋಳಿಮರದಿಂದ ಹೆದ್ದಾರಿಗೆ ಅತ್ತೆಯ ನಡಿಗೆ ಎಷ್ಟು, ಹೆದ್ದಾರಿಯ ಅರ್ಧ ದಾಟಲು ಎಷ್ಟು. ಹಾಗಾದರೆ ಸುದ್ದಿ ಪ್ರತಿ ಡಬ್ಬಿಯ ಬಾಗಿಲಲ್ಲೂ ಹೆಚ್ಚುಕಡಿಮೆ ಪೂರ್ತಿ ಕಾದಿರಬೇಕು. ಅತಿ ಕೆಟ್ಟ ಸಂದರ್ಭ ಎಂದು ಲೇಖನಗಳಲ್ಲಿ ಬರೆಯುತ್ತಾರಲ್ಲ, ಅದು. ಹಾಗೆಂದು ಹೊಳೆದಾಗ ಎದೆಯ ಯಾವುದೋ ಮೂಲೆಯಲ್ಲಿ ಒಂದು ಸಣ್ಣ ಚುರುಕು, ಉತ್ತರ ತಾಳೆಯಾದಾಗ ಆಗುವಂಥದ್ದು, ಹಾದುಹೋಯಿತು. ಪಕ್ಕದಲ್ಲಿ ಕೂತ ಹೆಂಗಸು, "ಎಂತಾಯ್ತ್ ಅಮ್ಮ, ಮೈ ಸರಿ ಇಲ್ಯಾ?" ಎಂದು ಕೇಳಿದಳು. ವಿನಯಾ ಏನೂ ಇಲ್ಲ ಎಂದಳು. ಬಸ್ಸು ಸಾಸ್ತಾನ ದಾಟುವಾಗ ಆ ಜಾಗ ನೋಡಬಾರದೆಂದು ಇನ್ನೊಂದು ಬದಿಗೆ ತಿರುಗಿದಳು. ಆದರೂ ರಸ್ತೆಯ ನಡುವಿನ ಸಿಮೆಂಟು ಕಟ್ಟೆಯ ಮೇಲೆ ಯಾರೋ ಎತ್ತಿಟ್ಟಿದ್ದ ಹೆಡಗೆ ಕಣ್ಣಿಗೆ ಬಿತ್ತು.

ಆಸ್ಪತ್ರೆಯ ಉದ್ದನೆಯ ಬೆಂಚಿನ ತುದಿಯಲ್ಲಿ ಕಮಲಕ್ಕ ಕೂತಿದ್ದಳು. ಬರಿಗಾಲು. ಸೀರೆಯ ಮಡಿಲಲ್ಲಿ ತಂಬಾಕಿನ ಪುಡಿ ಇನ್ನೂ ಇತ್ತು. ತೊಡೆಯ ಎಲುಬು ಮೇಲ್ಗಡೆಯಲ್ಲಿ ಮುರಿದಿದೆ, ಈ ವಯಸ್ಸಿಗೆ, ಈ ಸಕ್ಕರೆ ಕಾಯಿಲೆಗೆ, ಆಪರೇಷನ್ ಮಾಡಿದರೂ ಮತ್ತೆ ನಡೆಯುವ ಭರವಸೆ ಕೊಡಲಾಗುವುದಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಪ್ರವೀಣ್ ಗೋಡೆಗೆ ಒರಗಿ ನಿಂತಿದ್ದ. ಅವನ ಅಂಗಿ ಇನ್ನೂ ಐಸಿನ ನೀರಿಗೆ ಒದ್ದೆಯಾಗಿತ್ತು. ವಿನಯಾ ಬಂದದ್ದನ್ನು ನೋಡಿದ ಮೇಲೆಯೇ ಅವನಿಗೆ ಮಾತು ಬಂತು. ಅದು ಬಂದದ್ದು ಕಮಲಕ್ಕನ ಮೇಲೆ.

"ಬೆಲ್ ಹೊಡ್ದದ್ ಕೇಂಡಿದ್ದಿಲ್ಯಾ ನಿಮ್ಗೆ?"

"ಕೇಂಡಿತ್ ಪ್ರವೀಣ. ಕೇಂಡ್ ಕೂಡ್ಲೆ ಎದ್ದಿದ್ದೆ. ದೇವ್ರಾಣೆ. ಚಪ್ಪಲಿ ಸಾ ಹಾಕ್ಲಿಲ್ಲೆ."

"ಕೂಡ್ಲೆ ಎದ್ದಿರೆ ಅಮ್ಮ ಹೈವೇ ಮಧ್ಯಕ್ಕೆ ಹ್ಯಾಂಗ್ ಮುಟ್ಟಿದ್ರ್? ಇಷ್ಟ್ ದಿನ ಮುಟ್ಟದ್ದವ್ರ್ ಇವತ್ ಹ್ಯಾಂಗ್ ಮುಟ್ಟಿದ್ರ್? ಇನ್ನೊಂದ್ ಕಟ್ಟ್ ಬೀಡಿ ಕಟ್ಟಿ ಏಳ್ವ ಅಂದ್ಕಂಡ್ರಿಯಾ?"

ಕಮಲಕ್ಕ ವಿನಯಾಳ ಕಡೆ ನೋಡಿದಳು. ಆ ನೋಟದಲ್ಲಿ ಬೇರೇನೂ ಇರಲಿಲ್ಲ, ನೀನಾದರೂ ಹೇಳು, ನಾನು ಅಂಥವಳಲ್ಲ ಎಂದು ನಿನಗೆ ಗೊತ್ತಲ್ಲ ಎಂಬಷ್ಟೇ. ವಿನಯಾಳ ಕೈಯಲ್ಲಿ ನರ್ಸು ಕೊಟ್ಟ ಚೀಟಿಯಿತ್ತು. ಔಷಧಿ ಅಂಗಡಿಗೆ ಹೋಗಬೇಕಾಗಿತ್ತು. ಈಗ ಹೇಳಿದರೆ ಇವನು ಈ ಜನರ ನಡುವೆ ಏನು ಮಾಡುತ್ತಾನೋ, ಮೊದಲು ಆಪರೇಷನ್ ಆಗಲಿ, ಮನೆಗೆ ಹೋದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ಕಾರಣಗಳು ಒಂದರ ಹಿಂದೊಂದು ಬಂದು ನಿಂತವು. ಒಂದೊಂದೂ ಸರಿಯಾಗಿಯೇ ಇತ್ತು. "ಸುಮ್ನಿರಿ, ಇದ್ ಆಸ್ಪತ್ರಿ" ಎಂದಳು ಗಂಡನಿಗೆ. ಹೇಳಿ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಳು. ವಾಪಸು ಬರುವಾಗ ಕಮಲಕ್ಕ ಹೋಗಿಬಿಟ್ಟಿದ್ದಳು. ಬರಿಗಾಲಲ್ಲಿ ಬಸ್ಸು ಹತ್ತಿ ಹೋದಳೋ, ಬಸ್ಸಿನ ದುಡ್ಡು ಸೆರಗಿನಲ್ಲಿತ್ತೋ ಇಲ್ಲವೋ. ಅದನ್ನು ಕೇಳಲು ಯಾರೂ ಇರಲಿಲ್ಲ.

ಆಪರೇಷನ್ ಆಗಿ ಅತ್ತೆ ಮನೆಗೆ ಬಂದರು. ಜಗುಲಿಯ ಪಕ್ಕದ ಕೋಣೆಯಲ್ಲಿ ಮಂಚ ಹಾಕಿದರು. ಇನ್ನು ಗೇಟು ತೆರೆದಿಟ್ಟರೂ ಮುಚ್ಚಿದರೂ ಒಂದೇ. ಒಂದು ಭಾನುವಾರ ವಿನಯಾ ಏಣಿ ಇಟ್ಟು ಓಣಿಯ ಡಬ್ಬಿಗಳನ್ನೆಲ್ಲ ಬಿಚ್ಚಿ ತಂದು ಚೀಲಕ್ಕೆ ಹಾಕಿದಳು. ಬ್ಯಾಟರಿ ಎಲ್ಲದರಲ್ಲೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಕಮಲಕ್ಕ ಬರುವುದು ನಿಲ್ಲಿಸಿದ್ದಳು. ಪ್ರವೀಣ್ ಅರ್ಧ ದಿನದ ಕೆಲಸ ಬಿಟ್ಟು ತಾಯಿಯನ್ನು ನೋಡಿಕೊಳ್ಳುತ್ತಿದ್ದ. ಅತ್ತೆ ಮಲಗಿದಲ್ಲೇ ಒಮ್ಮೊಮ್ಮೆ ಬಂಗುಡೆ ಮೀನು, ಬಂಗುಡೆ ಎಂದು ಸಣ್ಣ ದನಿಯಲ್ಲಿ ಕೂಗುತ್ತಿದ್ದರು. ಯಾರದೋ ಮನೆಯ ಅಂಗಳದಲ್ಲಿ ನಿಂತವರ ಹಾಗೆ, ಕೂಗಿ, ಒಳಗಿಂದ ಉತ್ತರ ಬರುವವರೆಗೆ ಕಾಯುತ್ತಿದ್ದರು. ಪ್ರವೀಣ್ ಒಂದು ದಿನ "ಬೇಡ, ನಿನ್ನೆದೇ ಇತ್ತ್" ಎಂದು ಉತ್ತರ ಕೊಟ್ಟ. ಅತ್ತೆ ಸಮಾಧಾನವಾದಂತೆ ಕಣ್ಣು ಮುಚ್ಚಿದರು. ಅಡಿಗೆ ಮನೆಯಲ್ಲಿದ್ದ ವಿನಯಾ ಒಲೆ ಸಣ್ಣಗೆ ಮಾಡಿ ಹಾಗೇ ನಿಂತಳು. ಈಗ ಹೇಳಬೇಕು ಎಂದುಕೊಂಡಳು. ಆಗ ಕುಕ್ಕರ್ ಕೂಗಿತು.

ಪ್ರೇಮಾನಂದ ಸರ್ ಎರಡು ಸಲ ಫೋನು ಮಾಡಿ ಅತ್ತೆ ಹೇಗಿದ್ದಾರೆ ಎಂದು ಕೇಳಿದರು. ನಿಜವಾಗಿಯೇ ಕೇಳಿದರು. ಎರಡನೆಯ ಸಲ ಕೊನೆಗೆ, "ಗುರುವಾರದವರೆಗಿನದು ಇದೆ ಅಲ್ವಾ? ಅಷ್ಟಾದರೂ ಸಾಕು. ಲೇಖನ ಕಳಿಸೋದಕ್ಕೆ ಕೊನೆಯ ದಿನ ತಿಂಗಳಾಂತ್ಯ" ಎಂದರು. "ಸರ್, ಗುರುವಾರದ್ದು ಬೇಡ ಅನ್ನಿಸ್ತದೆ" ಎಂದಳು ವಿನಯಾ. ಅವರು, "ಅದು ನಿಮ್ಮ ಇಷ್ಟ. ಆದರೆ ಇಷ್ಟವಿಲ್ಲದ ದಿನವನ್ನು ತೆಗೆದುಹಾಕೋದು ಸುಳ್ಳು ಹೇಳಿದ ಹಾಗೆ ಆಗ್ತದಲ್ಲ" ಎಂದರು. ಅವರಿಗೆ ಎಲ್ಲ ಗೊತ್ತಿಲ್ಲ. ಗೊತ್ತಿಲ್ಲದೆಯೇ ಹೇಳಿದ ಮಾತು ಅದು. ಗುರುವಾರವನ್ನು ಬಿಟ್ಟರೆ ಸುಳ್ಳು. ಸೇರಿಸಿದರೆ, ಲೇಖನದ ಚಿತ್ರದಲ್ಲಿ ಹಳೆಯ ಕ್ರಮದ ಗೆರೆಗಳ ಸಾಲಿನಲ್ಲಿ ಅದೇ ಎಲ್ಲಕ್ಕಿಂತ ಎತ್ತರಕ್ಕೆ ನಿಂತು, ಪಕ್ಕದಲ್ಲಿ ಅವಳ ಕ್ರಮದ ಗಿಡ್ಡ ಗೆರೆಯನ್ನು ಇನ್ನೂ ಗಿಡ್ಡವಾಗಿ, ಇನ್ನೂ ಚೆನ್ನಾಗಿ ಕಾಣಿಸುತ್ತದೆ. ಅವಳು ಸೇರಿಸಿದಳು. ಚಿತ್ರ ಚೆನ್ನಾಗಿ ಬಂತು. ಕಳಿಸಿದಳು. ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ಚಪ್ಪಲಿ ಮೆಟ್ಟಿ, ಪಕ್ಕದ ಮನೆಗೆ ಹೋದಳು.

ಕಮಲಕ್ಕ ಜಗುಲಿಯಲ್ಲೇ ಇದ್ದಳು. ಕೂತುಕೋ ಎನ್ನಲಿಲ್ಲ, ಚಾ ಬೇಕೇ ಎಂದೂ ಕೇಳಲಿಲ್ಲ. ಗೋಡೆಯ ಮೊಳೆಯಲ್ಲಿ ಬೆಲ್ಲಿನ ಡಬ್ಬಿ ಹಾಗೇ ನೇತಾಡುತ್ತಿತ್ತು. ಓಣಿಯದೆಲ್ಲ ಬಿಚ್ಚಿದವಳು ಅದೊಂದನ್ನು ಒಯ್ಯಲು ಬಂದಿರಲಿಲ್ಲ.

"ಕಮಲಕ್ಕ, ಅವತ್ತ್ ತಪ್ಪ್ ನಿಮ್ದಲ್ಲ. ಬೆಲ್ಲೇ ತಡ ಆಯಿ ಹೊಡ್ದದ್."

"ನಾನ್ ಎದ್ದದ್ ನಂಗೊತ್ತಿಲ್ಯಾ?" ಕಮಲಕ್ಕ ಕೈಯ ಕೆಲಸ ಬಿಡಲಿಲ್ಲ. "ಮಿಶನ್ ಅಲ್ದಾ. ಒಂದೊಂದ್ ದಿನ ಹಾಳಾತ್ತ್."

"ಹಾಳಾದ್ದಲ್ಲ. ಆ ವಾರ ನಾನೇ ಹಾಂಗ್ ಮಾಡಿ ಇಟ್ಟದ್. ಹಳೇದ್ ಎಷ್ಟ್ ತಡ, ಹೊಸ್ದ್ ಎಷ್ಟ್ ಬೇಗ ಅಂದೇಳಿ ಅಳ್ದ್ ತೋರ್ಸೂಕಿತ್."

ಬೀಡಿಯ ತುದಿ ಮಡಚುತ್ತಿದ್ದ ಬೆರಳು ನಿಂತಿತು. "ನಂಗೊಂದ್ ಮಾತ್ ಹೇಳೂಕಾಗಿತ್ತಲ್ದಾ ಹೆಣ್ಣೆ. ಮೊರ ತಕಂಡ್ ಹೋಯಿ ಗೋಳಿಮರದ್ ಬುಡದಂಗೇ ಕೂಕಂತಿದ್ದೆ."

"ಹಾಂಗ್ ಕೂಕಂತ್ರಿ ಅಂದೇಳಿಯೇ ಹೇಳ್ಲಿಲ್ಲೆ."

ಇಷ್ಟು ನೇರವಾಗಿ ಹೇಳುತ್ತೇನೆಂದು ಅವಳು ಅಂದುಕೊಂಡಿರಲಿಲ್ಲ. ಹೇಳಿ ಜಗುಲಿಯ ಕಂಬ ಹಿಡಿದುಕೊಂಡಳು. ಕಮಲಕ್ಕ ಬೈಯಬಹುದು, ಅಳಬಹುದು, ಎದ್ದು ಒಳಗೆ ಹೋಗಬಹುದು ಎಂದೆಲ್ಲ ಯೋಚಿಸಿಕೊಂಡು ಬಂದಿದ್ದಳು. ಕಮಲಕ್ಕ ಕೇಳಿದಾಗ ದನಿ ಮೆಲ್ಲಗಿತ್ತು.

"ಆಸ್ಪತ್ರಿಯಂಗೆ ಅವ ನಂಗ್ ಬೈವತಿಗೆ ನೀ ಅಲ್ಲೇ ನಿಂತಿದ್ದೆ."

"ಹೌದ್."

"ಆಗಳೇ ಗೊತ್ತಿತ್ತ್ ನಿಂಗೆ."

"ಗೊತ್ತಿತ್ತ್."

"ಮಿಶನ್ ತಡ ಆಯ್ತ್ ಅಂದ್ರೆ ನಾನ್ ಬಿಡ್ತೆ. ಓದಿದವ್ರ್ದ್ ಎಂತೆಂತೋ ಇರತ್ತ್. ನೀ ಗೊತ್ತಿದ್ದೂ ಸುಮ್ನೆ ನಿಂತದ್, ಅದ್ ಬಿಡೂಕಾಪ್ದಲ್ಲ." ಕಮಲಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಪ್ರವೀಣಂಗೆ ಹೇಳಿದ್ಯಾ?"

"ಇಲ್ಲೆ."

"ಮತ್ತೆ ನಂಗೆಂತಕ್ ಹೇಳೂಕ್ ಬಂದೆ ಮಾರಾಯ್ತಿ. ನಾನ್ ತಪ್ಪ್ ಮಾಡ್ಲಿಲ್ಲೆ ಅಂದೇಳಿ ನಂಗೆ ಹೇಳ್ರೆ ಎಂತ ಸಿಕ್ಕತ್ತ್. ಅವ್ನಿಗ್ ಹೇಳ್, ಹೋಗ್."

ಮನೆಗೆ ನಡೆದು ಬರುವ ಆ ಅಷ್ಟೇ ದೂರದಲ್ಲಿ ಅವಳಿಗೆ ಹೊಸ ಕಾರಣ ಯಾವುದೂ ಹೊಳೆಯಲಿಲ್ಲ. ಪ್ರವೀಣ್ ತಾಯಿಯ ತಲೆಯಡಿಗೆ ಎರಡು ದಿಂಬಿಟ್ಟು ಗಂಜಿ ಉಣಿಸುತ್ತಿದ್ದ. ವಿನಯಾ ಬಾಗಿಲಲ್ಲೇ ನಿಂತು ಹೇಳತೊಡಗಿದಳು. ಮೊದಲು ಡಬ್ಬಿಗಳ ನಿದ್ದೆಯಿಂದ ಶುರುಮಾಡಿದಳು, ಅದು ತಪ್ಪೆಂದು ತೋರಿ ನಿಲ್ಲಿಸಿದಳು. ಸೋಮವಾರ ಕಮಲಕ್ಕನ ಜಗುಲಿ ಹತ್ತಿ ಹೇಳದೆ ಇಳಿದದ್ದರಿಂದ ಮತ್ತೆ ಶುರುಮಾಡಿದಳು. ಪ್ರವೀಣ್ ತಿರುಗಿ ನೋಡಲಿಲ್ಲ. ಚಮಚ ಬಟ್ಟಲಿಗೆ ಹೋಗಿ ಬಾಯಿಗೆ ಬರುತ್ತಿತ್ತು, ಮತ್ತೆ ಬಟ್ಟಲಿಗೆ. ಅವಳು ಹೇಳಿ ಮುಗಿಸಿದ ಮೇಲೂ ಎರಡು ಮೂರು ಸಲ ಹಾಗೆಯೇ ಹೋಗಿಬಂತು. ಆಮೇಲೆ ಅವನು ಕೇಳಿದ್ದು ಅವಳು ಯೋಚಿಸಿಟ್ಟುಕೊಂಡಿದ್ದ ಯಾವ ಪ್ರಶ್ನೆಯೂ ಅಲ್ಲ.

"ಆ ದಿನದ್ ಲೆಕ್ಕ ಸಾ ಬರ್ದ್ ಕಳ್ಸಿದ್ಯಾ?"

"ಕಳ್ಸಿದ್ದೆ."

ಪ್ರವೀಣ್ ಬಟ್ಟಲನ್ನು ಕೆಳಗಿಟ್ಟ. ತಾಯಿಯ ಗಲ್ಲದ ಮೇಲೆ ಇಳಿದ ಗಂಜಿಯನ್ನು ಟವಲಿನಿಂದ ಒರೆಸಿದ. ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡು, ಗುಂಡಿಗಳನ್ನು ಒಂದೂ ಬಿಡದೆ ಹಾಕಿ, ಅವಳ ಪಕ್ಕದಿಂದ, ತಾಗದ ಹಾಗೆ, ಹೊರಗೆ ಹೋದ. ಪಕ್ಕದ ಜಗುಲಿಯಲ್ಲಿ ಅವನ ದನಿ ಕೇಳಿಸಿತು, ಮಾತು ಕೇಳಿಸಲಿಲ್ಲ.

ವಿನಯಾ ಮಂಚದ ಪಕ್ಕ ಕೂತು ಬಟ್ಟಲು ಎತ್ತಿಕೊಂಡಳು. ಚಮಚ ತುಟಿಗೆ ತಾಗಿಸಿದರೆ ಅತ್ತೆ ಬಾಯಿ ತೆರೆಯಲಿಲ್ಲ. "ಒಂದ್ ಚೂರ್ ಅತ್ತೆ" ಎಂದಳು. ಅತ್ತೆ ಅವಳನ್ನು ದಾಟಿ ಬಾಗಿಲ ಕಡೆ ನೋಡುತ್ತಿದ್ದರು. ಬಾಗಿಲಲ್ಲಿ ಕಮಲಕ್ಕ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದಳು. ವಿನಯಾಳ ಮುಖ ನೋಡದೆ ಕೈ ಚಾಚಿದಳು. ವಿನಯಾ ಬಟ್ಟಲನ್ನು ಕೊಟ್ಟು ಎದ್ದು ಜಾಗ ಬಿಟ್ಟಳು.

"ಎಂತ ಸೀತಕ್ಕ, ಉಂಬುದಿಲ್ಯಾ?" ಎಂದಳು ಕಮಲಕ್ಕ. ಅತ್ತೆ ಬಾಯಿ ತೆರೆದರು.